ಬೀದಿಯಲ್ಲಿ ಕೈ ಚಾಚಿದವರಿಗೆ ದುಡ್ಡು ಕೊಡಬೇಕೇ, ಬೇಡವೇ? ಕೊಡಗಿನವರು ಹೇಳಿ

ಸಂತೆಬೀದಿ ಕೇಳಿದ್ದು:

ಮಡಿಕೇರಿ ಬಸ್ ನಿಲ್ದಾಣದ ಆಸುಪಾಸು ಅಂಗಡಿ, ಹೋಟೆಲು ನಡೆಸುವ ಎಲ್ಲರಿಗೂ ದಿನಾ ಎದುರಾಗುವ ಪ್ರಶ್ನೆ ಇದು. ಶುಕ್ರವಾರದ ಸಂತೆ, ಶನಿವಾರ-ಭಾನುವಾರದ ಪ್ರವಾಸಿಗರ ನೂಕುನುಗ್ಗಲು, ದಸರಾ, ತುಲಾ ಸಂಕ್ರಮಣ, ಈ ಹೊತ್ತಲ್ಲೆಲ್ಲ ಬೇಡುವವರು ಹೆಚ್ಚುತ್ತಾರೆ. ಬರುವವರೆಲ್ಲ ಒಂದೇ ಥರ ಅಲ್ಲ. ತೋಟದಲ್ಲಿ ದುಡಿದು ಕೈಕಾಲು ಸೋತ ಅಜ್ಜ-ಅಜ್ಜಿಯರು, ಕಂಕುಳಲ್ಲಿ ಕೂಸು ಎತ್ತಿಕೊಂಡ ಹೆಂಗಸರು, ಪೆನ್ನು-ಬಲೂನು ಹಿಡಿದ ಮಕ್ಕಳು, "ಬಸ್ ಚಾರ್ಜಿಗೆ ಕಮ್ಮಿ ಬಿದ್ದಿದೆ" ಅನ್ನುವ ಗಂಡಸರು, ಔಷಧಿ ಚೀಟಿ ತೋರಿಸುವವರು, ಕೋಲೆ ಬಸವ ತರುವವರು, ತಮ್ಮಷ್ಟಕ್ಕೆ ಮಾತಾಡಿಕೊಂಡು ಅಲೆಯುವವರು.

"ಎಲ್ಲ ಮಾಫಿಯಾ, ಬಿಡಿಗಾಸೂ ಕೊಡಬೇಡಿ" ಅನ್ನುವವರೂ "ಕೊಟ್ಟುಬಿಡಿ, ಪುಣ್ಯ" ಅನ್ನುವವರೂ ಬೇಕಾದಷ್ಟು ಜನ ಇದ್ದಾರೆ. ಇಲ್ಲಿ ಕೇಳುತ್ತಿರುವುದು ಕೆಲಸಕ್ಕೆ ಬರುವ ಮಾತು. ಯಾರಿಗೆ ದುಡ್ಡು, ಯಾರಿಗೆ ಊಟ, ಯಾರ ವಿಷಯದಲ್ಲಿ ಫೋನ್ ಮಾಡಬೇಕು, ಯಾರಿಗೆ? ಕಾನೂನು ಏನು ಹೇಳುತ್ತೆ? ತಿಳಿದವರು ಬರೆಯಿರಿ.

ಹಾರಂಗಿದಡ ಉತ್ತರ:

ಎದುರಿಗೆ ಬಂದು ನಿಂತಾಗ ಯೋಚನೆ ಮಾಡೋಕೆ ಹೊರಟರೆ ಯಾವಾಗಲೂ ತಪ್ಪು ನಿರ್ಧಾರವೇ ಆಗುತ್ತೆ ಸರ್. ಜೋರಾಗಿ ಕೇಳಿದವರಿಗೆ ಸಿಗುತ್ತೆ, ಮೂಲೆಯಲ್ಲಿ ಸುಮ್ಮನೆ ಕೂತವರಿಗೆ ಸಿಗಲ್ಲ. ಆದ್ದರಿಂದ ತಿಂಗಳಿಗೆ ಇಷ್ಟು ಅಂತ ಮೊದಲೇ ತೆಗೆದಿಟ್ಟುಬಿಡಿ. ಅದು ಐನೂರೋ ಸಾವಿರವೋ, ನಿಮ್ಮ ವ್ಯಾಪಾರಕ್ಕೆ ಭಾರ ಆಗದಷ್ಟು. ಹತ್ತು, ಇಪ್ಪತ್ತರ ನೋಟು ಮಾಡಿಸಿ ಗಲ್ಲಾಪೆಟ್ಟಿಗೆ ಬಿಟ್ಟು ಬೇರೆ ಡಬ್ಬಿಯಲ್ಲಿಡಿ. ಹತ್ತು ರೂಪಾಯಿ ನಾಣ್ಯ ಕೊಡಬೇಡಿ. ರಿಸರ್ವ್ ಬ್ಯಾಂಕ್ ಚಲಾವಣೆಯಲ್ಲಿದೆ ಅಂತ ಎಷ್ಟು ಸಲ ಹೇಳಿದರೂ ಎಷ್ಟೋ ಅಂಗಡಿಯವರು ತಗೊಳಲ್ಲ, ಭಿಕ್ಷೆ ಬೇಡುವವರ ಕೈಯಿಂದಂತೂ ತಗೊಳೋದೇ ಇಲ್ಲ.

ದುಡಿಯಲಾಗದ ವಯಸ್ಸಾದವರಿಗೆ, ಅಂಗವಿಕಲರಿಗೆ ನಗದೇ ಕೊಡಿ. ಏನು ಮಾಡ್ತೀರಿ ಅಂತ ವಿಚಾರಣೆ ಬೇಡ. "ಊಟ ಕೊಡ್ತೀನಿ, ದುಡ್ಡು ಕೊಡಲ್ಲ" ಅನ್ನೋದು ಕೇಳಲು ಚೆನ್ನಾಗಿದೆ. ಆದರೆ ಬೆಳಗ್ಗೆಯಿಂದ ನಾಲ್ಕು ಜನ ಇಡ್ಲಿ ಕೊಡಿಸಿದ್ದರೆ ಐದನೆಯ ಇಡ್ಲಿ ಆ ಅಜ್ಜಿಗೆ ಯಾಕೆ? ಅವರಿಗೆ ಬೇಕಿರುವುದು ಬಿ.ಪಿ. ಮಾತ್ರೆ, ಸೋಪು, ಶೌಚಾಲಯಕ್ಕೆ ಕೊಡೋ ಚಿಲ್ಲರೆ, ಮೊಬೈಲಿಗೆ ಕರೆನ್ಸಿ ಆಗಿರಬಹುದು. ಅದನ್ನೆಲ್ಲ ಇಡ್ಲಿಯಲ್ಲಿ ಕೊಳ್ಳೋಕಾಗಲ್ಲ. ಹಾಗೆಯೇ ಒಂದು ಸಲ ನೂರು ಕೊಡುವುದಕ್ಕಿಂತ ಅದೇ ವ್ಯಕ್ತಿಗೆ ವಾರಕ್ಕೊಮ್ಮೆ ಇಪ್ಪತ್ತು ಕೊಡುವುದು ಒಳ್ಳೆಯದು. ನಮ್ಮದು ಸಣ್ಣ ಊರು, ಮುಖ ಪರಿಚಯ ಆಗುತ್ತೆ. ಪರಿಚಯ ಆದಮೇಲೆ ಹೆಸರು, ಊರು, ಕಾರ್ಡು ಇದೆಯಾ ಅಂತ ಕೇಳಬಹುದು. ಮುಂದಿನ ಕೆಲಸಕ್ಕೆಲ್ಲ ಅದೇ ದಾರಿ.

ಕುಡಿದು ತೂರಾಡುತ್ತಿರುವವರಿಗೆ ಆ ಹೊತ್ತಲ್ಲಿ ದುಡ್ಡು ಬೇಡ, ಊಟ ಕೊಡಿ. ಆದರೆ ಒಂದು ಎಚ್ಚರಿಕೆ. ವರ್ಷಗಟ್ಟಲೆ ಕುಡಿದವರಿಗೆ ಒಂದೆರಡು ದಿನ ಸಾರಾಯಿ ಸಿಗದಿದ್ದರೆ ಕೈ ನಡುಕ, ಬೆವರು, ಭ್ರಮೆ ಶುರುವಾಗಿ ಫಿಟ್ಸ್ ಕೂಡ ಬರಬಹುದು. ಅದನ್ನು "ಕುಡುಕನ ನಾಟಕ" ಅಂದುಕೊಂಡು ಬಿಟ್ಟರೆ ಜೀವ ಹೋಗುತ್ತೆ. ಅಂಥವರನ್ನು ಕಂಡರೆ 108ಕ್ಕೆ ಫೋನ್ ಮಾಡಿ.

ಬೆಟ್ಟದ ಹೂವು ಉತ್ತರ:

ಮಕ್ಕಳ ವಿಷಯ ನಾನು ಬರೀತೀನಿ, ಇಲ್ಲಿ ಗೊಂದಲ ಜಾಸ್ತಿ.

ಮಕ್ಕಳ ಕೈಗೆ ನಗದು ಬೇಡವೇ ಬೇಡ. ಕಾರಣ ಲೆಕ್ಕದ್ದು. ರಾಜಾಸೀಟ್ ಗೇಟಿನ ಹತ್ತಿರ, ಅಬ್ಬಿ ಜಲಪಾತದ ದಾರಿಯಲ್ಲಿ ಒಂದು ಮಗು ಭಾನುವಾರ ಒಂದೇ ದಿನಕ್ಕೆ ದೊಡ್ಡವರ ಕೂಲಿಯಷ್ಟು ತಂದರೆ ಸೋಮವಾರ ಅದನ್ನು ಶಾಲೆಗೆ ಕಳಿಸುವವರು ಯಾರು? ಬಾಲನ್ಯಾಯ ಕಾಯ್ದೆ 2015ರ 76ನೇ ಸೆಕ್ಷನ್ ಪ್ರಕಾರ ಮಗುವನ್ನು ಭಿಕ್ಷೆಗೆ ಹಚ್ಚಿದವರಿಗೆ 5 ವರ್ಷದವರೆಗೆ ಜೈಲು, 1 ಲಕ್ಷ ದಂಡ. ಭಾರತೀಯ ನ್ಯಾಯ ಸಂಹಿತೆಯ 139ನೇ ಸೆಕ್ಷನ್‌ನಲ್ಲಿ ಭಿಕ್ಷೆಗಾಗಿ ಮಗುವನ್ನು ಅಪಹರಿಸಿದರೆ ಕನಿಷ್ಠ 10 ವರ್ಷ, ಅಂಗ ಊನ ಮಾಡಿದರೆ ಕನಿಷ್ಠ 20 ವರ್ಷ. ಆದರೆ ಮಗು ಅಪರಾಧಿ ಅಲ್ಲ. ಕಾನೂನಿನ ಕಣ್ಣಲ್ಲಿ ಅದು ಪೋಷಣೆ, ರಕ್ಷಣೆ ಬೇಕಾದ ಮಗು. ಗದರಿಸಿ ಓಡಿಸೋದು, ಕೈ ಹಿಡಿದು ಎಳೆಯೋದು ಬೇಡ.

ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಈಗ ಅದನ್ನು ತುರ್ತು ನಂಬರ್ 112ರ ಜೊತೆ ಜೋಡಿಸಿದ್ದಾರೆ. "ಮಡಿಕೇರಿಯಲ್ಲಿ ಮಕ್ಕಳು ಭಿಕ್ಷೆ ಬೇಡ್ತಿದ್ದಾರೆ" ಅಂತ ಅಷ್ಟೇ ಹೇಳಿದರೆ ಏನೂ ಆಗಲ್ಲ. ಯಾವ ಗೇಟು, ಯಾವ ಅಂಗಡಿಯ ಎದುರು, ಎಷ್ಟು ಹೊತ್ತಿಗೆ, ಅಂದಾಜು ವಯಸ್ಸು, ಬಟ್ಟೆಯ ಬಣ್ಣ, ಜೊತೆಗೆ ದೊಡ್ಡವರು ಇದ್ದಾರಾ, ಸಂಜೆ ಯಾವ ಕಡೆ ಹೋಗ್ತಾರೆ, ವಾಹನ ಇದ್ದರೆ ಅದರ ನಂಬರು, ಇಷ್ಟನ್ನು ಹೇಳಿ. ಮಗುವಿಗೆ ಗಾಯ ಇದ್ದರೆ, ಎಬ್ಬಿಸಿದರೂ ಏಳದೆ ಮಲಗಿದ್ದರೆ ಅದನ್ನು ಮೊದಲು ಹೇಳಿ. ರಕ್ಷಿಸಿದ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು ಅಂತ ನಿಯಮ ಇದೆ.

ಫೋಟೋ ತೆಗೆದು ವಾಟ್ಸಾಪಿಗೆ ಹಾಕಬೇಡಿ. ಅಂಥ ಮಗುವಿನ ಗುರುತು ಬಹಿರಂಗ ಮಾಡಿದರೆ ಅದೇ ಕಾಯ್ದೆಯ 74ನೇ ಸೆಕ್ಷನ್ನಿನಲ್ಲಿ 6 ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. 2018ರಲ್ಲಿ "ಮಕ್ಕಳ ಕಳ್ಳರು ಬಂದಿದ್ದಾರೆ" ಅನ್ನುವ ಸಂದೇಶಗಳು ಹಬ್ಬಿ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಅಮಾಯಕರನ್ನು ಜನ ಹೊಡೆದು ಕೊಂದರು. ಮುರ್ಕಿಯ ಪ್ರಕರಣ ಶುರುವಾದದ್ದು ಮಕ್ಕಳಿಗೆ ಚಾಕಲೇಟ್ ಹಂಚಿದ್ದರಿಂದ. "ಕೂಸು ಅವಳ ಬಣ್ಣ ಇಲ್ಲ, ಕದ್ದದ್ದೇ ಇರಬೇಕು" ಅಂತ ಊಹೆ ಮಾಡಿ ಗುಂಪು ಸೇರಿಸೋದನ್ನು ದಯವಿಟ್ಟು ಯಾರೂ ಮಾಡಬೇಡಿ. ಅನುಮಾನ ಇದ್ದರೆ ಫೋನ್ ಮಾಡಿ, ದೂರದಿಂದ ನೋಡ್ತಾ ಇರಿ.

ಕೂಸಿಗೆ ಹಾಲಿನ ಪುಡಿ ಡಬ್ಬಿ ಕೊಡಿಸಿ ಅಂದರೆ ಸೀಲ್ ಒಡೆಯದ ಡಬ್ಬಿ ಕೊಡಬೇಡಿ, ಅದು ಅಂಗಡಿಗೆ ವಾಪಸ್ ಹೋಗುವ ಸಾಧ್ಯತೆ ಇದೆ. ಕೂಸಿಗೂ ಅದರಿಂದ ಒಳ್ಳೆಯದಾಗಲ್ಲ. ಕುದಿಸದ ನೀರು, ತೊಳೆಯದ ಬಾಟಲಿಯಲ್ಲಿ ಕಲಸಿದ ಪುಡಿಯಿಂದ ಭೇದಿ ಖಂಡಿತ. ತಾಯಿಗೆ ಹೊಟ್ಟೆ ತುಂಬ ಬಿಸಿ ಊಟ ಕೊಡಿ, ಎದೆಹಾಲು ಬರುತ್ತೆ. ದೊಡ್ಡ ಮಗುವಾದರೆ ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಕಾಯಿಸಿದ ಹಾಲು, ನಿಮ್ಮೆದುರೇ ತಿನ್ನುವಂಥದ್ದು.

ಕೊನೆಯ ಬಸ್ಸು ಉತ್ತರ:

ಬಸ್ ಚಾರ್ಜಿನವರಿಗೆ ನಗದು ಬೇಡ, ಟಿಕೆಟ್ ಕೊಡಿಸಿ. ಕೊಡಗಿಗೆ ರೈಲು ಇಲ್ಲ, ಹೊರಗೆ ಹೋಗೋದು ರಸ್ತೆಯಲ್ಲೇ. ಹಾಗಾಗಿ ಪರೀಕ್ಷೆ ಸುಲಭ. "ಎಲ್ಲಿಗೆ? ಬನ್ನಿ, ಬಸ್ಸಿಗೆ ಹತ್ತಿಸ್ತೀನಿ" ಅನ್ನಿ. ನಿಜವಾಗಿ ಹೋಗಬೇಕಾದವರು ಜೊತೆಗೆ ಬರ್ತಾರೆ. ಕಂಡಕ್ಟರ್ ಕೈಗೇ ದುಡ್ಡು ಕೊಟ್ಟು ಟಿಕೆಟ್ ಹರಿಸಿ.

ಹೆಂಗಸರಾದರೆ ಇನ್ನೊಂದು ವಿಷಯ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಿದರೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸಿನಲ್ಲಿ ಉಚಿತ. ಹಾಗಂತ "ನಿಮಗೆ ಫ್ರೀ ಅಲ್ವಾ, ಸುಳ್ಳು ಹೇಳ್ತೀರಿ" ಅಂತ ಬೈಯಬೇಡಿ. ರಾಜಹಂಸ, ಐರಾವತದಲ್ಲಿ ಅದು ನಡೆಯಲ್ಲ, ಹೊರರಾಜ್ಯಕ್ಕೆ ಹೋಗುವ ಬಸ್ಸಿನಲ್ಲಿ ನಡೆಯಲ್ಲ, ಆಧಾರ್ ಕಳೆದುಕೊಂಡವರಿಗೆ ನಡೆಯಲ್ಲ. ಮುಖ್ಯವಾಗಿ ಖಾಸಗಿ ಬಸ್ಸಿನಲ್ಲಿ ನಡೆಯಲ್ಲ. ನಮ್ಮ ಒಳಊರುಗಳಿಗೆ ಎಷ್ಟೋ ಕಡೆ ಇರೋದು ಖಾಸಗಿ ಬಸ್ಸೇ.

ಔಷಧಿ ಚೀಟಿಯವರ ಹತ್ತಿರ ಮೊದಲು ತಾರೀಕು ನೋಡಿ. ಮಡಚಿ ಮಡಚಿ ಹರಿದ, ಆರು ತಿಂಗಳ ಹಿಂದಿನ ಚೀಟಿಯಾದರೆ ಅದು ಇವತ್ತಿನ ಅಗತ್ಯ ಅಲ್ಲ. ಹೊಸ ಚೀಟಿಯಾದರೆ ಮೆಡಿಕಲ್ಲಿಗೆ ಜೊತೆಯಲ್ಲೇ ಹೋಗಿ, ಐದು ದಿನಕ್ಕಾಗುವಷ್ಟು ಮಾತ್ರೆ ಕತ್ತರಿಸಿ ಕೊಡಲು ಹೇಳಿ, ಬಿಲ್ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಕತ್ತರಿಸಿದ ಸ್ಟ್ರಿಪ್, ಬಿಲ್ ಇಲ್ಲದ ಮಾತ್ರೆ ವಾಪಸ್ ಆಗಲ್ಲ. ದೊಡ್ಡ ಆಪರೇಷನ್ ಅಂದರೆ ಬೀದಿಯ ಚಿಲ್ಲರೆಯಿಂದ ಆಗುವ ಕೆಲಸ ಅಲ್ಲ. ಬಿ.ಪಿ.ಎಲ್. ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಕಾರ್ಡ್ ಹಿಡಿದು ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗಲು ಹೇಳಿ, ಅಲ್ಲಿಗೆ ಆಟೋ ಮಾಡಿಕೊಡಿ.

ಕಂದಾಯ ರಸೀದಿ ಉತ್ತರ:

ಕಾನೂನಿನ ಬಗ್ಗೆ. ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ 1975ರಿಂದ ಇದೆ. ಬೇಡುವವರನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಕಳಿಸಲು ಅದರಲ್ಲಿ ಅವಕಾಶ ಇದೆ. ನಮಗೆ ಹತ್ತಿರದ್ದು ಮೈಸೂರಿನದು. ಇದರ ಖರ್ಚಿಗೆ ನಾವೆಲ್ಲ ಈಗಾಗಲೇ ದುಡ್ಡು ಕೊಡುತ್ತಿದ್ದೇವೆ. ಮನೆ ಕಂದಾಯದ ರಸೀದಿ ತೆಗೆದು ನೋಡಿ, ಆರೋಗ್ಯ ಕರ, ಗ್ರಂಥಾಲಯ ಕರದ ಜೊತೆ ಭಿಕ್ಷುಕರ ಕರ ಅಂತ 3% ಇರುತ್ತೆ. 4,000 ರೂಪಾಯಿ ತೆರಿಗೆಗೆ 120 ರೂಪಾಯಿ. ಆ ಹಣ ನಿಜವಾಗಿ ಎಲ್ಲಿಗೆ ಹೋಯಿತು ಅಂತ ನಗರಸಭೆಯಲ್ಲಿ, ಗ್ರಾಮಸಭೆಯಲ್ಲಿ ಕೇಳುವ ಹಕ್ಕು ಕೊಟ್ಟವರಿಗೆಲ್ಲ ಇದೆ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಸಾಕು.

ಆದರೆ "ಹಿಡಿದುಕೊಂಡು ಹೋಗಿ" ಅಂತ ಸುಲಭಕ್ಕೆ ಫೋನ್ ಮಾಡಬೇಡಿ. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ಪರಿಹಾರ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಹಲವಾರು ಜನ ಸತ್ತದ್ದು ರಾಜ್ಯಕ್ಕೇ ಗೊತ್ತು. ದೆಹಲಿ ಹೈಕೋರ್ಟ್ 2018ರಲ್ಲಿ ಅಲ್ಲಿಯ ಭಿಕ್ಷಾಟನೆ ಕಾನೂನಿನ ಹಲವು ಸೆಕ್ಷನ್‌ಗಳನ್ನು ರದ್ದು ಮಾಡಿತು. 2021ರಲ್ಲಿ ಬೇಡುವವರನ್ನು ಬೀದಿಯಿಂದ ತೆಗೆಸಿ ಅಂತ ಹೋದವರಿಗೆ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ಇದು ಬಡತನದ ಸಮಸ್ಯೆ ಅಂದಿತು. ಕರ್ನಾಟಕದ ಕಾಯ್ದೆ ಇನ್ನೂ ಇದೆ, ಆದರೆ ಕಾಲ ಯಾವ ಕಡೆ ಹೋಗ್ತಿದೆ ಅನ್ನೋದು ಇದರಲ್ಲಿ ಗೊತ್ತಾಗುತ್ತೆ.

ಈಗ ಮುಖ್ಯ ವಿಷಯ. ನಮ್ಮ ಪೇಟೆಗಳಲ್ಲಿ ಬೇಡುವ ಸ್ಥಳೀಯ ವೃದ್ಧರಲ್ಲಿ ಲೈನ್ ಮನೆಯಲ್ಲಿದ್ದು (ತೋಟದ ಕೆಲಸದವರಿಗೆ ಕೊಡುವ ಸಾಲುಮನೆ), ದುಡಿಯುವ ಶಕ್ತಿ ಹೋದಮೇಲೆ ಲೈನೂ ಬಿಟ್ಟವರು ಇದ್ದಾರೆ. ಇವರಿಗೆ ಬರಬೇಕಾದ ಪಿಂಚಣಿ ಬಂದರೆ ನಿಮ್ಮ ಇಪ್ಪತ್ತರ ನೋಟಿಗಿಂತ ಎಷ್ಟೋ ಮೇಲು. 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ತಿಂಗಳಿಗೆ 1,200. ವಿಧವಾ ವೇತನ 800. ಅರ್ಜಿ ಕೊಡೋದು ನಾಡಕಚೇರಿಯಲ್ಲಿ. ಮಡಿಕೇರಿ ತಾಲ್ಲೂಕಿನಲ್ಲಿ ನಾಪೋಕ್ಲು, ಭಾಗಮಂಡಲ, ಸಂಪಾಜೆ ಹೋಬಳಿಯವರು ಪೇಟೆಯವರೆಗೆ ಬರಬೇಕಿಲ್ಲ. ಆಧಾರ್, ಪಡಿತರ ಚೀಟಿ ಅಥವಾ ಆದಾಯ ಪ್ರಮಾಣಪತ್ರ, ಬ್ಯಾಂಕ್ ಇಲ್ಲವೇ ಅಂಚೆ ಖಾತೆ, ಫೋಟೋ ಇರಲಿ.

ಕೈಕೊಡುವುದು ಎಲ್ಲಿ ಅಂದರೆ ಈ ಜಾಗಗಳಲ್ಲಿ:

ಆಧಾರ್‌ನಲ್ಲಿ ವಯಸ್ಸು ತಪ್ಪು. ಎಪ್ಪತ್ತು ವರ್ಷದವರಿಗೆ ಐವತ್ತೆಂಟು ಅಂತ ಅಂದಾಜಿಗೆ ಬರೆದಿರುತ್ತಾರೆ. ಮೊದಲು ಅದನ್ನು ತಿದ್ದಿಸದೆ ಅರ್ಜಿ ಹಾಕಿದರೆ ತಿರಸ್ಕಾರ ಆಗುತ್ತೆ.

ಬೆರಳಚ್ಚು ಬರಲ್ಲ. ವರ್ಷಗಟ್ಟಲೆ ಕಾಫಿ ಕೊಯ್ದು, ಕತ್ತಿ ಹಿಡಿದ ಕೈಯಲ್ಲಿ ಗೆರೆ ಸವೆದಿರುತ್ತೆ. ಕಣ್ಣಿನ ಪಾಪೆಯಿಂದ ಮಾಡಿ ಅಂತ ಕೇಳಿ, ಸಾಮಾನ್ಯವಾಗಿ ಕೇಳದೆ ಮಾಡಲ್ಲ.

ಆಧಾರೇ ಇಲ್ಲ, ವಿಳಾಸದ ದಾಖಲೆಯೂ ಇಲ್ಲ. ಆಧಾರ್ ಪ್ರಾಧಿಕಾರದ್ದೇ ಒಂದು ಪ್ರಮಾಣಪತ್ರದ ನಮೂನೆ ಇದೆ. ಫೋಟೋ ಅಂಟಿಸಿ, ಮುದ್ರೆ ಅರ್ಧ ಫೋಟೋ ಮೇಲೆ, ಅರ್ಧ ಕಾಗದದ ಮೇಲೆ ಬರುವಂತೆ ಗೆಜೆಟೆಡ್ ಅಧಿಕಾರಿ ಸಹಿ ಮಾಡಬೇಕು. ಸಹಿ ಆದ 3 ತಿಂಗಳೊಳಗೆ ಬಳಸಬೇಕು. ಆಮೇಲೆ ಅದು ರದ್ದಿ ಕಾಗದ.

ಪಿಂಚಣಿ ಮಂಜೂರಾಗಿದೆ, ದುಡ್ಡು ಬರ್ತಿಲ್ಲ. ಬಹುತೇಕ ಖಾತೆಗೆ ಆಧಾರ್ ಜೋಡಣೆ ಆಗಿರಲ್ಲ, ಇಲ್ಲವೇ ಹಿಂದೆ ಯಾರೋ ಮಾಡಿಸಿದ ಬೇರೆ ಬ್ಯಾಂಕಿನ ಖಾತೆಗೆ ಜೋಡಣೆ ಆಗಿರುತ್ತೆ. ಪಾಸ್‌ಬುಕ್ಕಿನಲ್ಲಿ ಆಧಾರ್ ನಂಬರ್ ಇದ್ದರೆ ಸಾಲದು, ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಅಂತ ಬೇರೆಯಾಗಿ ನೋಡಿಸಬೇಕು. ಅಂಚೆ ಪೇಮೆಂಟ್ಸ್ ಬ್ಯಾಂಕಿನ ಖಾತೆ ಮಾಡಿಸಿದರೆ ಅಂಚೆಯವರೇ ಕೈಗೆ ದುಡ್ಡು ತಂದುಕೊಡುವ ಅನುಕೂಲ ಇದೆ.

ಗ್ರಾಮ ಆಡಳಿತ ಅಧಿಕಾರಿ ಸ್ಥಳ ಪರಿಶೀಲನೆಗೆ ಬಂದಾಗ ವ್ಯಕ್ತಿ ಅಲ್ಲಿ ಇರಲ್ಲ. ಬೇಡುವವರು ಒಂದೇ ಕಡೆ ಕೂರಲ್ಲವಲ್ಲ. ಅರ್ಜಿಯಲ್ಲಿ ಅಂಗಡಿಯವರೊಬ್ಬರ ಮೊಬೈಲ್ ನಂಬರ್ ಕೊಡಿ, "ಇವರು ಇಲ್ಲೇ ಸಿಗ್ತಾರೆ" ಅಂತ ಹೇಳುವವರು ಬೇಕು. ಸಂತೆಬೀದಿ ಸರ್, ನಿಮ್ಮಂಥ ಅಂಗಡಿಯವರು ಮಾಡಬಹುದಾದ ದೊಡ್ಡ ಉಪಕಾರ ಇದು, ಒಂದು ರೂಪಾಯಿ ಖರ್ಚಿಲ್ಲ.

ಅಸ್ಸಾಂ ಕಡೆಯ ತೋಟದ ಕೆಲಸದವರು ಕೂಲಿ ಇಲ್ಲದ ದಿನಗಳಲ್ಲಿ ಅಕ್ಕಿ ಕೇಳಿಕೊಂಡು ಬಂದರೆ, ಊರಿನ ಪಡಿತರ ಚೀಟಿ ಇದೆಯಾ ಅಂತ ವಿಚಾರಿಸಿ. ಒಂದು ದೇಶ ಒಂದು ಪಡಿತರ ಚೀಟಿಗೆ ಅಸ್ಸಾಂ 2022ರ ಜೂನ್‌ನಲ್ಲಿ ಸೇರಿದೆ, ಕೇಂದ್ರದ ಪಾಲಿನ ಅಕ್ಕಿ ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲೂ ಎತ್ತಬಹುದು. ಇದು ಅವರಲ್ಲಿ ಎಷ್ಟೋ ಜನಕ್ಕೆ ತಿಳಿದೇ ಇಲ್ಲ.

ಕಕ್ಕಡ ಮಳೆ ಉತ್ತರ:

ಮೇಲಿನವರು ಬರೆದದ್ದು ಸರಿ, ಒಪ್ತೀನಿ. ಆದರೆ ಪಿಂಚಣಿಗೆ ತಿಂಗಳುಗಳು ಹಿಡಿಯುತ್ತೆ, ಅಲ್ಲಿಯವರೆಗೆ ಅವರು ಮಲಗೋದು ಜಗಲಿಯಲ್ಲೇ. ಅರ್ಜಿ ಹಾಕಿದ್ದೀವಲ್ಲ ಅಂತ ಕೊಡೋದನ್ನು ನಿಲ್ಲಿಸಬೇಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದುಡ್ಡಿಗಿಂತ ಮೈ ಒಣಗಿರೋದು ಮುಖ್ಯ. ಹತ್ತಿಯ ಹೊದಿಕೆ ದಾನ ಮಾಡಿ ಫೋಟೋ ತೆಗೆಸಿಕೊಳ್ಳುವವರು ಪ್ರತಿ ಮಳೆಗಾಲ ಬರ್ತಾರೆ. ಹತ್ತಿ ಒಮ್ಮೆ ನೆನೆದರೆ ನಮ್ಮ ಹವೆಯಲ್ಲಿ ವಾರವಾದರೂ ಒಣಗಲ್ಲ, ಒದ್ದೆ ಹತ್ತಿ ಮೈಯ ಬಿಸಿಯನ್ನೇ ಎಳೆದುಬಿಡುತ್ತೆ. ಉಣ್ಣೆ ಕಂಬಳಿ ಸ್ವಲ್ಪ ಒದ್ದೆಯಾದರೂ ಬೆಚ್ಚಗಿಡುತ್ತೆ. ಒಬ್ಬರಿಗೆ ಬೇಕಾಗಿರೋದು: ಕೆಳಗೆ ಹಾಸಲು ಒಂದು, ಮೇಲೆ ಕಟ್ಟಲು ಒಂದು ಟಾರ್ಪಾಲು ತುಂಡು, ಒಂದು ಕಂಬಳಿ, ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಜೊತೆ ಒಣ ಬಟ್ಟೆ, ಕೊಡೆ, ರಬ್ಬರ್ ಚಪ್ಪಲಿ. ಬೂಟು, ಕಾಲುಚೀಲ ಕೊಡಬೇಡಿ. ಒದ್ದೆ ಬೂಟಿನಲ್ಲಿ ಬೆರಳ ಸಂದು ಕೊಳೆತು ಹುಣ್ಣಾಗುತ್ತೆ, ಸಕ್ಕರೆ ಕಾಯಿಲೆ ಇದ್ದವರಿಗೆ ಕಾಲೇ ಹೋಗಬಹುದು. ನಡುಗುತ್ತಿದ್ದವರ ನಡುಕ ನಿಂತು ಮಾತು ತೊದಲಲು ಶುರುವಾದರೆ ಸುಧಾರಿಸಿದರು ಅಂತಲ್ಲ, ಮೈ ತಣ್ಣಗಾಗ್ತಿದೆ ಅಂತ. ಆಗ 108.

ದಿನಗಟ್ಟಲೆ ಉಣ್ಣದವರಿಗೆ ಒಮ್ಮೆಲೇ ಬಿರಿಯಾನಿ ಬೇಡ. ಉಪ್ಪು ಹಾಕಿದ ಗಂಜಿ, ಸ್ವಲ್ಪ ಸ್ವಲ್ಪವಾಗಿ. ಭೇದಿ ಆಗಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ, ಅಳತೆ ಮೀರಬೇಡಿ. ಹಲ್ಲಿಲ್ಲದವರಿಗೆ ಬಿಸ್ಕತ್ತು ಪೊಟ್ಟಣ ಕೊಡುವವರು ಜೊತೆಗೆ ಒಂದು ಲೋಟ ಚಹಾನೂ ಕೊಡಿ.

ಸಂತೆಬೀದಿ ಕೇಳಿದ್ದು:

ಎಲ್ಲರಿಗೂ ವಂದನೆ, ಇಷ್ಟು ವಿವರ ಸಿಗುತ್ತೆ ಅಂದುಕೊಂಡಿರಲಿಲ್ಲ. ಎರಡು ವಿಷಯ ಉಳಿಯಿತು. ಮೇ ತಿಂಗಳಲ್ಲಿ ಗೋಣಿಕೊಪ್ಪ ಕಡೆ ಹೋಗುವ ಪ್ರವಾಸಿಗರು "ರಸ್ತೆಯಲ್ಲಿ ಅಡ್ಡಗಟ್ಟಿ ಬೈದು ದುಡ್ಡು ಕೀಳ್ತಾರೆ" ಅಂತ ದೂರುತ್ತಾರೆ, ಅವರಿಗೆ ಏನು ಹೇಳೋದು? ಇನ್ನೊಂದು, ಮಾನಸಿಕ ಅಸ್ವಸ್ಥರ ಬಗ್ಗೆ ಯಾರೂ ಬರೆಯಲಿಲ್ಲ.

ಬೆಟ್ಟದ ಹೂವು ಉತ್ತರ:

ಮೇ ತಿಂಗಳಿನದು ಕುಂಡೆ ಹಬ್ಬ ಅಣ್ಣ, ಅದು ಭಿಕ್ಷಾಟನೆ ಅಲ್ಲ. ದೇವರಪುರದ ದೇವಸ್ಥಾನದ ಹಬ್ಬ. ಜೇನುಕುರುಬ, ಬೆಟ್ಟಕುರುಬ, ಯರವ ಜನ ವೇಷ ಹಾಕಿ, ಗಂಡಸರು ಹೆಣ್ಣುಡುಗೆ ಉಟ್ಟು, ಸೋರೆಬುರುಡೆ ಬಡಿದುಕೊಂಡು, ದೇವರನ್ನೂ ಎದುರಿಗೆ ಸಿಕ್ಕವರನ್ನೂ ಬೈಯುತ್ತಾ ಕಾಣಿಕೆ ಎತ್ತುತ್ತಾರೆ. ಬೈಗುಳ ಹಬ್ಬದ ಭಾಗ, ಮರುದಿನಕ್ಕೆ ಉಳಿಯಲ್ಲ. ಪ್ರವಾಸಿಗರಿಗೆ ಹೇಳಿ: ಕಾರು ನಿಧಾನ ಮಾಡಿ, ಹತ್ತೋ ಇಪ್ಪತ್ತೋ ಕೊಟ್ಟು, ನಕ್ಕು ಮುಂದೆ ಹೋಗಿ. ಹೆದರಿ ವೇಗವಾಗಿ ಓಡಿಸಿದರೆ ಕುಣಿಯುವವರ ಮೇಲೆ ಕಾರು ಹತ್ತುತ್ತೆ. ಕೇಳದೆ ಮುಖಕ್ಕೆ ಮೊಬೈಲ್ ಹಿಡಿದು ವಿಡಿಯೋ ಮಾಡಬೇಡಿ.

ಕೋಲೆ ಬಸವದವರೂ ಬಿಟ್ಟಿ ಕೇಳುವವರಲ್ಲ, ಓಲಗ ಊದಿ ಬಸವನನ್ನು ಆಡಿಸುವ ಕಸುಬಿನವರು. ಅಕ್ಕಿಯಾದರೆ ಒಂದು ಸೇರು, ದುಡ್ಡಾದರೆ ನಿಮಗೆ ತೋಚಿದ್ದು. ಎತ್ತಿಗೆ ಪ್ಲಾಸ್ಟಿಕ್ ಕವರಿನ ಸಮೇತ ಏನನ್ನೂ ತಿನ್ನಿಸಬೇಡಿ.

ಹಾರಂಗಿದಡ ಉತ್ತರ:

ಮಾನಸಿಕ ಅಸ್ವಸ್ಥರ ಬಗ್ಗೆ ಹೇಳ್ತೀನಿ. ದುಡ್ಡು ಕೊಟ್ಟರೆ ಅದನ್ನು ಬೇರೆಯವರು ಕಿತ್ತುಕೊಳ್ತಾರೆ, ಆದ್ದರಿಂದ ಊಟ ಕೊಡಿ. ಬಿಸಿ ಊಟ, ಎಲೆ ಇಲ್ಲವೇ ಕಾಗದದ ತಟ್ಟೆಯಲ್ಲಿ. ಸ್ಟೀಲ್ ಲೋಟ, ಗಾಜಿನ ಬಾಟಲಿ ಬೇಡ. ಎದುರಿಗೆ ನಿಂತು ದಿಟ್ಟಿಸದೆ, ಪಕ್ಕದಿಂದ ಹೋಗಿ ಒಂದು ಮಾರು ದೂರದಲ್ಲಿ ಇಟ್ಟು ಹಿಂದೆ ಸರಿಯಿರಿ. ತಗೊಳದಿದ್ದರೆ ಒತ್ತಾಯ ಬೇಡ, ನಾಳೆ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಇಡಿ. ಮೂರು-ನಾಲ್ಕು ದಿನದಲ್ಲಿ ತಾವೇ ಬರೋದು ಸಾಮಾನ್ಯ.

2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಸೆಕ್ಷನ್ ನಿಮ್ಮ ಠಾಣೆಯವರಿಗೆ ನೆನಪಿಸಬೇಕಾಗಬಹುದು. ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುವ ಅಸ್ವಸ್ಥರನ್ನು ರಕ್ಷಣೆಗೆ ತಗೊಂಡು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯುವುದು ಠಾಣಾಧಿಕಾರಿಯ ಕರ್ತವ್ಯ. ಲಾಕಪ್ಪಿನಲ್ಲಿ ಇಡುವಂತಿಲ್ಲ. ಮನೆಯವರು ಯಾರೆಂದು ತಿಳಿಯದಿದ್ದರೆ ಕಾಣೆಯಾದವರ ಪ್ರಕರಣ ದಾಖಲಿಸಿ ಹುಡುಕಬೇಕು. ಈ ಪ್ರಕರಣ ದಾಖಲಾಗುವುದು ಬಹಳ ಮುಖ್ಯ, ಯಾಕಂದರೆ ಬೇರೆ ಜಿಲ್ಲೆಯಲ್ಲಿ, ಬೇರೆ ರಾಜ್ಯದಲ್ಲಿ ಅವರ ಮನೆಯವರು ಕೊಟ್ಟ ದೂರಿಗೆ ಇದು ಹೊಂದಿಕೆಯಾಗಬೇಕು. ಅವರು ಆಡುವ ಭಾಷೆ ತೆಲುಗೋ, ಒಡಿಯಾವೋ, ಬಂಗಾಳಿಯೋ ಅಂತ ಗುರುತಿಸಿ ಹೇಳಿ, ಕೈಮೇಲಿನ ಹಚ್ಚೆಯಲ್ಲಿ ಹೆಸರು ಇದ್ದರೆ ಅದನ್ನೂ ಹೇಳಿ. ಅರ್ಧ ಹುಡುಕಾಟ ಅಲ್ಲೇ ಮುಗಿಯುತ್ತೆ.

ಏನು ಮಾಡಬೇಕೆಂದು ತೋಚದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ ಕೇಳಿ, ಕನ್ನಡದಲ್ಲಿ ಮಾತಾಡ್ತಾರೆ. ವಯಸ್ಸಾಗಿ ಮರೆವಿನಿಂದ ದಾರಿ ತಪ್ಪಿದ ಹಿರಿಯರು ಅನ್ನಿಸಿದರೆ ಹಿರಿಯರ ಸಹಾಯವಾಣಿ 14567, ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ. ರಾತ್ರಿ ಹೊತ್ತಾದರೆ 112. ಈ ನಂಬರುಗಳನ್ನು ದೊಡ್ಡಕ್ಷರದಲ್ಲಿ ಬರೆದು ಗಲ್ಲಾ ಹಿಂದಿನ ಗೋಡೆಗೆ ಅಂಟಿಸಿ, ನೀವಿಲ್ಲದಾಗ ಅಂಗಡಿಯ ಹುಡುಗರೂ ಕರೆ ಮಾಡಲಿ.